ಕಾಳಿ ಹೊಳೆಯ ಹಳೆಯ ಲಾಂಚು ಮತ್ತು ಅದರ ಸೋರುವ ಕಿಟಕಿಗಳು: ಒಂದು ಪ್ರಕರಣ ಅಧ್ಯಯನ

ಮರದ ಹಳೆಯ ಲಾಂಚೊಂದನ್ನು ದುರಸ್ತಿ ಮಾಡುವಾಗ ಅದರ ಕಿಟಕಿಗಳ ಸೋರಿಕೆ ಒಂದಿಡೀ ಮಳೆಗಾಲ ನಮ್ಮನ್ನು ದಾರಿ ತಪ್ಪಿಸಿದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಮಾಲೀಕರ, ಕೆಲಸಗಾರರ ಮತ್ತು ದೋಣಿಯ ಗುರುತು ಹತ್ತದಂತೆ ಹೆಸರು, ಇಸವಿ ಹಾಗೂ ದೋಣಿ ಕಟ್ಟಿದ್ದ ಧಕ್ಕೆಯ ವಿವರಗಳನ್ನು ಬಿಟ್ಟಿದ್ದೇನೆ. ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು. ಆದ್ದರಿಂದ ಮುಂದೆ ಬರುವ ತಪ್ಪು ತೀರ್ಮಾನಗಳಲ್ಲಿ ಕನಿಷ್ಠ ಎರಡು ನನ್ನವೇ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿನ್ನೆಲೆ

ಕಾರವಾರದ ಬಳಿ ಕಾಳಿ ನದಿಗೆ ಹೆದ್ದಾರಿಯ ಸೇತುವೆ ಬರುವ ಮೊದಲು ಕೋಡಿಬಾಗದ ದಡದಿಂದ ಸದಾಶಿವಗಡದ ದಡಕ್ಕೆ ಜನರು ದೋಣಿ ಮತ್ತು ಲಾಂಚುಗಳಲ್ಲಿಯೇ ದಾಟಬೇಕಿತ್ತು. ನಮ್ಮ ಪ್ರಕರಣದ ದೋಣಿಯೂ ಅಂಥದ್ದೇ ಒಂದು ಲಾಂಚು. ಉದ್ದ ಸುಮಾರು 36 ಅಡಿ. ತಳದ ಹಲಗೆಗಳು ಹೆಬ್ಬಲಸಿನವು, ಮೇಲಿನ ಕ್ಯಾಬಿನ್ ಸಾಗವಾನಿಯದು. ಜನ ದಾಟಿಸುವ ಕೆಲಸ ನಿಂತ ಮೇಲೆ ಕೈಯಿಂದ ಕೈಗೆ ದಾಟುತ್ತ, ನಡುವೆ ಕೆಲವು ವರ್ಷ ದಡದ ಮೇಲೆ ತಾಡಪತ್ರಿ ಹೊದ್ದು ಮಲಗಿದ್ದು, ಕೊನೆಗೆ ಈಗಿನ ಮಾಲೀಕರ ಕೈ ಸೇರಿತು. ಮನೆಯವರನ್ನೂ ಬಂದ ನೆಂಟರನ್ನೂ ಕೂರಿಸಿಕೊಂಡು ಹೊಳೆಯ ಮೇಲ್ದಿಕ್ಕಿಗೆ ಹೋಗಿಬರಬೇಕೆಂಬುದು ಅವರ ಆಸೆಯಾಗಿತ್ತು.

ತಳದ ಕೆಲಸ ಒಂದೇ ಬೇಸಿಗೆಯಲ್ಲಿ ಮುಗಿಯಿತು. ನಾಲ್ಕು ಹಲಗೆಗಳನ್ನು ಬದಲಿಸಿ, ಸಂದುಗಳಿಗೆ ಹತ್ತಿ ಬಡಿದು, ರಾಳ ಕಾಯಿಸಿ ಹಾಕಿ, ಮೇಲೆ ಗೇರುಸಿಪ್ಪೆಯ ಎಣ್ಣೆ ಬಳಿದದ್ದಷ್ಟೇ ಅದರ ಕತೆ. ಹಳೆಯ ಮರದ ದೋಣಿಗಳನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅಂಥ ದೋಣಿಗಳು ಕೊಳೆಯಲು ಶುರುವಾಗುವುದು ಸಾಮಾನ್ಯವಾಗಿ ಮೇಲಿನಿಂದ. ಉಪ್ಪುನೀರಿನಲ್ಲಿ ನೆನೆದಿರುವ ಹಲಗೆಗೆ ಹುಳದ ಕಾಟ ಇರಬಹುದು, ಆದರೆ ಬೂಷ್ಟು ಅಷ್ಟಾಗಿ ಹತ್ತುವುದಿಲ್ಲ; ಮಳೆಯ ಸಿಹಿನೀರು ಇಳಿದು, ಗಾಳಿಯಾಡದ ಸಂದಿನಲ್ಲಿ ನಿಂತಲ್ಲಿ ಮರ ತಾನಾಗಿಯೇ ಹಣ್ಣಾಗುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ನೈಋತ್ಯದ ಗಾಳಿಯ ಜೊತೆಗೆ ಅಡ್ಡಡ್ಡವಾಗಿ ಹೊಡೆಯುವ ಈ ಕರಾವಳಿಯಲ್ಲಿ ಕ್ಯಾಬಿನ್ ಕಿಟಕಿಗಳೇ ದೋಣಿಯ ಆಯುಷ್ಯವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಕಿಟಕಿಗಳು ಒಟ್ಟು ಎಂಟು: ಎಡಬಲಗಳಲ್ಲಿ ಮೂರು ಮೂರು, ಮುಂದೆ ಚುಕ್ಕಾಣಿ ಹಿಡಿಯುವವರ ಎದುರಿಗೆ ಎರಡು. ಬದಿಯ ಕಿಟಕಿಗಳನ್ನು ಮುಂದಿನಿಂದ ಹಿಂದಕ್ಕೆ ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಮುಂದಿನ ಮಾತುಗಳನ್ನು ಓದಬೇಕು. ನಾವು ಕೈಹಾಕಿದಾಗ ಆ ಆರೂ ಕಿಟಕಿಗಳು ಸ್ಕ್ರೂ ಹೊಡೆದು ಶಾಶ್ವತವಾಗಿ ಮುಚ್ಚಿದ ಸ್ಥಿತಿಯಲ್ಲಿದ್ದವು. ಅವು ಮೊದಲಿನಿಂದಲೂ ಹಾಗೆಯೇ ಇದ್ದವೆಂದು ನಾವೆಲ್ಲರೂ ಭಾವಿಸಿದೆವು. ಈ ಪ್ರಕರಣದ ಮೂಲ ತಪ್ಪು ಅದೇ ಆಗಿತ್ತು.

ಮೊದಲ ಪ್ರಯತ್ನ

ಮೇ ತಿಂಗಳ ಕೊನೆಯ ವಾರ. ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜಾರಿಯಾಗುವುದರಿಂದ ಬಂದರಿನ ಕಡೆಯ ಬೋಟುಗಳೆಲ್ಲ ದಡ ಸೇರುತ್ತಿದ್ದವು. ಮರದ ಕೆಲಸದವರಿಗೂ ಪೇಂಟಿನವರಿಗೂ ಕೈತುಂಬ ಕೆಲಸವಿತ್ತು. ಕಿಟಕಿ ಬಿಚ್ಚಿ ನೋಡಲು ಸಮಯವಿಲ್ಲ, ಮಳೆಗೆ ಮೊದಲು ಹೊರಗಿನಿಂದ ಸಿಲಿಕೋನ್ ಎಳೆದುಬಿಡೋಣ, ಉಳಿದದ್ದನ್ನು ಮಳೆಗಾಲ ಮುಗಿದ ಮೇಲೆ ನೋಡಿದರಾಯಿತು ಎಂದು ನಾನೇ ಹೇಳಿದೆ. ಗಾಜು ಮತ್ತು ಅದನ್ನು ಹಿಡಿದಿಡುವ ಮರದ ಪಟ್ಟಿ ಸೇರುವ ಸಂದು, ಪಟ್ಟಿ ಮತ್ತು ಚೌಕಟ್ಟು ಸೇರುವ ಸಂದು, ಚೌಕಟ್ಟು ಮತ್ತು ಹಲಗೆ ಸೇರುವ ಸಂದು ಹೀಗೆ ಮೂರು ಸುತ್ತು ಸಿಲಿಕೋನ್ ಎಳೆದೆವು. ಎರಡು ದಿನ ಕ್ಯಾಬಿನ್ ತುಂಬ ವಿನೆಗರಿನಂಥ ಹುಳಿವಾಸನೆ ಇತ್ತು.

ಮೃಗಶಿರಾ ಮಳೆಯ ಮೊದಲ ಸುರಿತಗಳಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಮಾಲೀಕರು ಫೋನು ಮಾಡಿ ಮೆಚ್ಚುಗೆ ಹೇಳಿದರು. ಆರಿದ್ರಾ ಹಿಡಿದು ಮೂರನೆಯ ದಿನ ಬೆಳಿಗ್ಗೆ ಬಲಬದಿಯ ಮೂರನೆಯ ಕಿಟಕಿಯ ಕೆಳಗೆ, ಹೊಸದಾಗಿ ವಾರ್ನಿಷ್ ಹೊಡೆದಿದ್ದ ಒಳಹಲಗೆಯ ಮೂಲೆಯಲ್ಲಿ, ಚಹಾ ಚೆಲ್ಲಿದಂಥ ಕಂದು ಕಲೆ ಕಾಣಿಸಿತು. ಸಂಜೆಯ ಹೊತ್ತಿಗೆ ಅಲ್ಲಿಂದ ನೀರು ತೊಟ್ಟಿಕ್ಕತೊಡಗಿತು. ಮಳೆ ನಿಂತು ಐದಾರು ಗಂಟೆಗಳಾದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು. ಗಾಜಿನ ಸಂದಿನಿಂದ ಬರುವ ನೀರು ಮಳೆಯ ಜೊತೆಗೆ ಬಂದು ಮಳೆಯ ಜೊತೆಗೆ ನಿಲ್ಲಬೇಕು. ನಿಂತ ಮೇಲೂ ಬರುತ್ತಿದೆ ಎಂದರೆ ಎಲ್ಲೋ ಒಂದು ಕಡೆ ನೀರು ಶೇಖರವಾಗಿದೆ ಎಂದರ್ಥ. ಈ ಸುಳಿವು ಕಣ್ಣೆದುರಿಗೇ ಇದ್ದರೂ ಅಂದು ಯಾರ ತಲೆಗೂ ಹೋಗಲಿಲ್ಲ.

ಎರಡನೆಯ ಪ್ರಯತ್ನ

ಪುನರ್ವಸುವಿನಲ್ಲಿ ನಾಲ್ಕು ದಿನ ಹೊಳವು ಸಿಕ್ಕಿತು. ಈ ಸಲ ಮೂರನೆಯ ಕಿಟಕಿಯ ಗಾಜನ್ನೇ ಬಿಚ್ಚಿ ಕೂರಿಸುವುದೆಂದು ತೀರ್ಮಾನವಾಯಿತು. ಸಿಲಿಕೋನ್ ತೆಗೆಯುವ ಕೆಲಸ ಹಾಕುವ ಕೆಲಸಕ್ಕಿಂತ ಹತ್ತು ಪಟ್ಟು ಕಷ್ಟದ್ದೆಂಬುದು ಆಗ ಗೊತ್ತಾಯಿತು. ಗಟ್ಟಿಯಾದ ಸಿಲಿಕೋನನ್ನು ಥಿನ್ನರ್ ಕರಗಿಸುವುದಿಲ್ಲ. ಕೆರೆದು ತೆಗೆದರೂ ಕಣ್ಣಿಗೆ ಕಾಣದ ಪೊರೆಯೊಂದು ಮರದ ಮೇಲೆ ಉಳಿಯುತ್ತದೆ, ಅದರ ಮೇಲೆ ಪೇಂಟು ಹಿಡಿಯುವುದಿಲ್ಲ, ಅಂಟು ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಹಿಡಿಯುವುದಿಲ್ಲ. ಕೊನೆಗೆ ಉಳಿಯಿಂದ ಮರದ ಒಂದು ಪದರವನ್ನೇ ಎಬ್ಬಿಸಬೇಕಾಯಿತು.

ಪಟ್ಟಿಗಳನ್ನು ಹಿಡಿದಿದ್ದ ಹಿತ್ತಾಳೆಯ ಸ್ಕ್ರೂಗಳಲ್ಲಿ ಎರಡು ಬಗೆಯ ಹಾನಿ ಇತ್ತು, ಅವೆರಡನ್ನೂ ಬೇರ್ಪಡಿಸಿ ನೋಡಬೇಕು. ತಲೆಯ ಮೇಲಿನ ಹಸಿರು ಕಿಲುಬು ಐದಾರು ವಾರಗಳದ್ದು: ಹುಳಿವಾಸನೆ ಬಿಡುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ, ಅದು ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಎರಡನೆಯದು ದಶಕಗಳ ಹಾನಿ. ತಿರುಗಿಸಲು ಹೋದಾಗ ಹಲವು ಸ್ಕ್ರೂಗಳು ಸೀಮೆಸುಣ್ಣದಂತೆ ಪಟ್ಟನೆ ಮುರಿದವು. ಮುರಿದ ಜಾಗ ಹಳದಿಯಾಗಿರದೆ ತಾಮ್ರದಂತೆ ಕೆಂಪಗಿತ್ತು. ಉಪ್ಪಿನ ಗಾಳಿಯಲ್ಲಿ ಹಿತ್ತಾಳೆಯೊಳಗಿನ ಸತು ಸೋರಿಹೋಗಿ ತಾಮ್ರದ ತೂತುತೂತಾದ ಅಸ್ಥಿಪಂಜರ ಮಾತ್ರ ಉಳಿಯುವುದರ ಲಕ್ಷಣವಿದು. ತಲೆಯ ಕಿಲುಬು ಬಿಟ್ಟರೆ ಹೊರಗಿನಿಂದ ಆ ಸ್ಕ್ರೂಗಳು ಗಟ್ಟಿಮುಟ್ಟಾಗಿಯೇ ಕಾಣುತ್ತಿದ್ದವು.

ಪಾಲಿಯುರೆಥೇನ್ ಸೀಲೆಂಟ್ ಹಾಕಿ ಗಾಜನ್ನು ಮತ್ತೆ ಕೂರಿಸಿದೆವು. ಪುಷ್ಯ ಮಳೆ ಹಿಡಿಯಿತು. ಅದೇ ಮೂಲೆಯಲ್ಲಿ ಅದೇ ಕಲೆ ಮತ್ತೆ ಬಂತು. ಸೀಲೆಂಟ್ ಸರಿಯಾಗಿ ಕೂರಲಿಲ್ಲವೇನೋ ಎಂದು ಗಾಜನ್ನು ಪುನಃ ಎಬ್ಬಿಸಲು ಹೋದಾಗ ಅದು ಮೂಲೆಯಿಂದ ಮೂಲೆಗೆ ಸೀಳಿತು. ಮಾಲೀಕರು ಏನೂ ಮಾತಾಡದೆ ಎದ್ದು ಹೋದರು. ಬೈದಿದ್ದರೆ ವಾಸಿ ಎನ್ನಿಸಿತು.

ದೋಣಿ ತಿರುಗಿಸಿ ಕಟ್ಟಿದ್ದು

ನಮಗೆ ಮೊದಲ ತಿರುವು ಕೊಟ್ಟದ್ದು ಯಾವ ಪರಿಣತರ ಸಲಹೆಯೂ ಅಲ್ಲ. ಹೊಳೆಯಲ್ಲಿ ಕೆಂಪು ನೀರು ಏರಿ, ತೇಲಿಬಂದ ಮರದ ದಿಮ್ಮಿಯೊಂದು ಬದಿಗೆ ಬಡಿದಿದ್ದರಿಂದ, ಬಡಿದ ಬದಿಯನ್ನು ಧಕ್ಕೆಯ ಕಡೆಗೆ ತಂದುಕೊಳ್ಳಲು ದೋಣಿಯನ್ನು ತಿರುಗಿಸಿ ಕಟ್ಟಬೇಕಾಯಿತು. ಅಲ್ಲಿಯವರೆಗೆ ಉತ್ತರದ ದಡದಲ್ಲಿ, ಮೂತಿ ಪೂರ್ವಕ್ಕಿರುವಂತೆ ಕಟ್ಟಿದ್ದೆವು. ಹಾಗಾಗಿ ಬಲಬದಿ ಹೊಳೆಗೂ ನೈಋತ್ಯದ ಗಾಳಿಗೂ ತೆರೆದುಕೊಂಡಿತ್ತು. ತಿರುಗಿಸಿದ ಮೇಲೆ ಮೂತಿ ಪಶ್ಚಿಮಕ್ಕೆ ಬಂತು, ಎಡಬದಿ ಹೊಳೆಗೆ ಬಂತು. ಮೂರೇ ದಿನದಲ್ಲಿ ಬಲಬದಿಯ ಸೋರಿಕೆ ನಿಂತಿತು. ಅದುವರೆಗೆ ಒಂದು ಹನಿಯೂ ಬಾರದಿದ್ದ ಎಡಬದಿಯಲ್ಲಿ, ಅಲ್ಲಿಯೂ ಮೂರನೆಯ ಕಿಟಕಿಯ ಕೆಳಗೇ, ನೀರು ಕಾಣಿಸಿತು. ಜೊತೆಗೆ ಮುಂದಿನ ಎರಡು ಕಿಟಕಿಗಳೂ ಸೋರತೊಡಗಿದವು.

ಒಂದು ಕಿಟಕಿಯ ಕೆಲಸ ಕೆಟ್ಟಿದೆ ಎಂಬ ಊಹೆ ಅಲ್ಲಿಗೆ ಬಿದ್ದುಹೋಯಿತು. ಎರಡು ಬದಿಗಳ ಒಂದೇ ಜಾಗದಲ್ಲಿ ಒಂದೇ ಬಗೆಯ ಸೋರಿಕೆ ಇದೆಯೆಂದರೆ ಅದು ಯಾರದೋ ಕೈತಪ್ಪಲ್ಲ, ಕ್ಯಾಬಿನ್ನಿನ ರಚನೆಯಲ್ಲೇ ಇರುವ ಏನೋ ಒಂದು. ನೀರು ಚಾವಣಿಯಿಂದ ಇಳಿಯುತ್ತಿರಬಹುದೇ ಎಂಬ ಅನುಮಾನವೂ ಇತ್ತು. ಇದಕ್ಕೆ ಮಾಲೀಕರ ಮನೆಯ ಕೆಲಸದಾಳು ಸುಲಭದ ದಾರಿ ಮಾಡಿದ: ನಮ್ಮ ಕಡೆ ಮಣ್ಣಿನ ಗೋಡೆಗೆ ಮಳೆಯ ಹೊಡೆತ ತಾಗದಂತೆ ಪಡುವಣದ ದಿಕ್ಕಿಗೆ ಮಡಲಿನ ತಟ್ಟಿ ಕಟ್ಟುವಂತೆ ಲಾಂಚಿನ ಎಡಬದಿಗೂ ತೆಂಗಿನ ಮಡಲಿನ ತಟ್ಟಿ ಕಟ್ಟಿದ. ಚಾವಣಿಯ ಮೇಲೆ ಮಳೆ ಮೊದಲಿನಂತೆಯೇ ಸುರಿಯುತ್ತಿತ್ತು; ಕಿಟಕಿಗಳಿಗೆ ಮಾತ್ರ ಬಡಿಯುತ್ತಿರಲಿಲ್ಲ. ಮರುದಿನಕ್ಕೆ ಸೋರಿಕೆ ನಿಂತಿತು. ಚಾವಣಿ ನಿರಪರಾಧಿ ಎಂದು ಖರ್ಚಿಲ್ಲದೆ ಖಚಿತವಾಯಿತು.

ನೀಲಿ ನೀರು

ಇಷ್ಟಾದ ಮೇಲೆ ನಾವು ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆವು. ಅದಕ್ಕೂ ಹಿಂದೆ ಪೈಪು ಹಿಡಿದು ನೀರು ಹಾಯಿಸಿ ನೋಡಿದ್ದೆವು ನಿಜ. ಆದರೆ ಮೇಲಿನಿಂದ ಕೆಳಕ್ಕೆ, ಮೂರೂ ಕಿಟಕಿಗಳಿಗೆ ಒಟ್ಟಿಗೇ, ಐದು ನಿಮಿಷ ಹಾಯಿಸಿ ಬಿಟ್ಟಿದ್ದೆವು. ಅದರಿಂದ ಗೊತ್ತಾಗುವುದು ದೋಣಿ ಒದ್ದೆಯಾಯಿತು ಎಂಬುದು ಮಾತ್ರ.

ಸರಿಯಾದ ಕ್ರಮ ಕೆಳಗಿನಿಂದ ಮೇಲಕ್ಕೆ. ಮೊದಲು ಕ್ಯಾಬಿನ್ ಮತ್ತು ಡೆಕ್ ಸೇರುವ ಸಂದಿಗೆ ಹತ್ತು ನಿಮಿಷ ನೀರು, ಆಮೇಲೆ ಕಿಟಕಿಯ ಹೊಸ್ತಿಲಿನಂಥ ಕೆಳಪಟ್ಟಿಗೆ, ಆಮೇಲೆ ಬದಿಗಳಿಗೆ, ಕೊನೆಗೆ ಮೇಲಿನ ಮೂಲೆಗಳಿಗೆ. ಒಂದು ಹಂತದಲ್ಲಿ ಒಳಗೆ ನೀರು ಬರಲಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಹಂತ. ಒಳಗೆ ಒಬ್ಬರು ಟಾರ್ಚು ಹಿಡಿದು ಕೂತು, ಸಂದುಗಳಿಗೆ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಅಂಟಿಸಿ, ಯಾವುದು ಯಾವಾಗ ಒದ್ದೆಯಾಯಿತೆಂದು ಗಡಿಯಾರ ನೋಡಿ ಬರೆದುಕೊಂಡರು. ಮೂರನೆಯ ಕಿಟಕಿಗೆ ನಲವತ್ತು ನಿಮಿಷ ನೀರು ಹಾಯಿಸಿದರೂ ಏನೂ ಆಗಲಿಲ್ಲ. ಎರಡು ತಿಂಗಳು ನಾವು ಚಿಕಿತ್ಸೆ ಮಾಡಿದ್ದ ಕಿಟಕಿ, ಕನಿಷ್ಠ ಗಾಜಿನ ಮಟ್ಟಿಗೆ, ಎಲ್ಲಕ್ಕಿಂತ ಗಟ್ಟಿಯಾಗಿತ್ತು.

ಒಂದನೆಯ ಕಿಟಕಿಗೆ ಬಂದಾಗ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ, ತಂಬಿಗೆಯಿಂದ ಮೇಲಿನ ಮೂಲೆಗೆ ಸುರಿಯುತ್ತ ಹೋದೆವು. ಮೊದಲ ಬಕೆಟ್ಟು ಖಾಲಿಯಾಯಿತು, ಒಳಗೆ ಏನೂ ಇಲ್ಲ, ಆದರೆ ಹೊರಗೆ ಡೆಕ್ಕಿನ ಮೇಲೂ ಅಷ್ಟು ನೀರು ಹರಿದಿರಲಿಲ್ಲ. ಎರಡನೆಯ ಬಕೆಟ್ಟಿನ ನಡುವಿಗೆ ಬರುವಾಗ ಒಳಗಿದ್ದವರು ಕೂಗಿದರು. ಒಂದನೆಯ ಕಿಟಕಿಗೆ ಸುರಿದ ನೀಲಿ, ಅಲ್ಲಿಂದ ಹತ್ತಿರ ಹತ್ತಿರ ಏಳು ಅಡಿ ಹಿಂದೆ, ಮೂರನೆಯ ಕಿಟಕಿಯ ಕೆಳಮೂಲೆಯಲ್ಲಿ ಹೊರಬರುತ್ತಿತ್ತು.

ಒಳಹಲಗೆ ಬಿಚ್ಚಿದ ದಿನ

ಒಳಗಿನ ಹಲಗೆ ಬಿಚ್ಚಲು ಮಾಲೀಕರಿಗೆ ಮನಸ್ಸಿರಲಿಲ್ಲ. ಆ ವಾರ್ನಿಷ್ ಏಳು ಕೈ ಬಿದ್ದದ್ದು. ನೀಲಿ ನೀರನ್ನು ಕಣ್ಣಾರೆ ಕಂಡ ಮೇಲೆ ಒಪ್ಪಿದರು. ನಾರಳಿ ಹುಣ್ಣಿಮೆ ಕಳೆದ ಮೂರನೆಯ ದಿನ ಮರಗೆಲಸದ ಆಚಾರ್ರು ನೀಲಿ ನೀರು ಕಂಡ ಬದಿಯ ಮೂರೂ ಹಲಗೆಗಳನ್ನು ಬಿಚ್ಚಿದರು.

ಹಲಗೆಯ ಹಿಂದೆ ಗೋಡೆ ಇರಲಿಲ್ಲ, ಗೂಡು ಇತ್ತು. ಹಳೆಯ ರೈಲುಬೋಗಿಗಳ ಕಿಟಕಿಯಂತೆ ಇವೂ ಮೊದಲು ಕೆಳಕ್ಕೆ ಇಳಿಸುವ ಕಿಟಕಿಗಳಾಗಿದ್ದವು. ಗಾಜಿನ ಚೌಕಟ್ಟನ್ನು ತುಸು ಎತ್ತಿ ಬಿಟ್ಟರೆ ಅದು ಹೊರಹಲಗೆ ಮತ್ತು ಒಳಹಲಗೆಗಳ ನಡುವಿನ ಈ ಗೂಡಿಗೆ ಇಳಿಯುತ್ತಿತ್ತು. ಎತ್ತಲು ಕಟ್ಟಿದ್ದ ಚರ್ಮದ ಪಟ್ಟಿಯ ತುಂಡೊಂದು ಇನ್ನೂ ಒಂದು ಮೊಳೆಯಲ್ಲಿ ನೇತಾಡುತ್ತಿತ್ತು. ಜಾರುವ ಕಿಟಕಿಯ ಬದಿಯಲ್ಲಿ ಸಂದು ಇರಲೇಬೇಕು, ಸಂದಿನಲ್ಲಿ ಮಳೆನೀರು ಇಳಿಯಲೇಬೇಕು. ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕಾಗಿಯೇ ಪ್ರತಿ ಗೂಡಿನ ತಳದಲ್ಲಿ, ಡೆಕ್ಕಿಗಿಂತ ಸ್ವಲ್ಪ ಮೇಲೆ, ಹೊರಕ್ಕೆ ಓರೆಯಾಗಿ ಎರಡೆರಡು ತೂತು ಕೊರೆದಿದ್ದರು. ಮುಂದೆ ಯಾರೋ ಕಿಟಕಿಗಳು ಗಡಗಡ ಅಲುಗುತ್ತವೆಂದು ಸ್ಕ್ರೂ ಹೊಡೆದು ನಿಲ್ಲಿಸಿದರು. ಇನ್ನಾರೋ ಪೇಂಟು ಮಾಡುವಾಗ ಹೊರಗಿನ ತೂತುಗಳನ್ನು ಪುಟ್ಟಿ ತುಂಬಿ ಚಂದ ಮಾಡಿದರು. ಮತ್ತೊಬ್ಬರು ದೀಪ ಮತ್ತು ಫ್ಯಾನಿಗೆ ವೈರು ಎಳೆಯಲು ಗೂಡುಗಳ ನಡುವಿನ ಕಂಬಗಳಲ್ಲಿ, ತಳದಿಂದ ನಾಲ್ಕು ಬೆರಳು ಮೇಲೆ, ತೂತು ಹೊಡೆದರು. ಮೂರೂ ಕೆಲಸಗಳು ಬಿಡಿಬಿಡಿಯಾಗಿ ನೋಡಿದರೆ ತಪ್ಪೆನ್ನಿಸುವಂಥವಲ್ಲ.

ಇವು ಸೇರಿದಾಗ ಆದದ್ದೇನೆಂದರೆ, ಒಂದನೆಯ ಗೂಡಿಗೆ ಇಳಿದ ನೀರಿಗೆ ಹೊರದಾರಿ ಇಲ್ಲದೆ ಅದು ನಾಲ್ಕು ಬೆರಳು ಏರುತ್ತಿತ್ತು, ವೈರಿನ ತೂತನ್ನು ಮುಟ್ಟಿದ ಮೇಲೆ ಎರಡನೆಯದಕ್ಕೆ ಹರಿಯುತ್ತಿತ್ತು, ಅದೂ ತುಂಬಿ ಮೂರನೆಯದಕ್ಕೆ ಬರುತ್ತಿತ್ತು. ಎಂಜಿನಿನ ಭಾರದಿಂದ ದೋಣಿಯ ಹಿಂಭಾಗ ಸ್ವಲ್ಪ ತಗ್ಗಾಗಿರುವುದರಿಂದ ಹರಿವು ಯಾವಾಗಲೂ ಹಿಂದಕ್ಕೇ. ಗೂಡಿನ ತಳ 600 ಮಿ.ಮೀ. ಉದ್ದ, 40 ಮಿ.ಮೀ. ಅಗಲ, ನಾಲ್ಕು ಬೆರಳೆಂದರೆ ಸುಮಾರು 75 ಮಿ.ಮೀ. ಅಂದರೆ ಒಂದೊಂದು ಗೂಡು ಹತ್ತಿರ ಹತ್ತಿರ 1.8 ಲೀಟರ್ ನೀರನ್ನು ಸದ್ದಿಲ್ಲದೆ ನುಂಗುತ್ತಿತ್ತು. ಮೃಗಶಿರಾದ ಬಿಟ್ಟುಬಿಟ್ಟು ಬಂದ ಮಳೆಗೆ ಗೂಡುಗಳು ತುಂಬಿರಲಿಲ್ಲ. ಆರಿದ್ರಾದ ಮೂರು ದಿನದ ಎಡೆಬಿಡದ ಮಳೆಗೆ ತುಂಬಿದವು. ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಿದ್ದುದಕ್ಕೆ ಕಾರಣ ಇಷ್ಟೇ.

ನಾವು ಎಳೆದ ಸಿಲಿಕೋನ್ ಸೋರಿಕೆಯನ್ನು ತಡೆಯಲಿಲ್ಲ ಎಂಬುದಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಚೌಕಟ್ಟಿನ ಸುತ್ತ ಇದ್ದ ಸಣ್ಣಪುಟ್ಟ ಬಿರುಕುಗಳಿಂದ ಗೂಡಿಗೆ ಆಡುತ್ತಿದ್ದ ಒಂದಿಷ್ಟು ಗಾಳಿಯನ್ನೂ ಅದು ನಿಲ್ಲಿಸಿತ್ತು. ಗೂಡಿನ ತಳದಲ್ಲಿ ಕಪ್ಪು ರಾಡಿ, ಗಾಳಿಮರದ ಸೂಜಿಯೆಲೆ, ಹಳೆಯ ಇರುವೆ ಗೂಡು. ಅದರ ಕೆಳಗಿನ ತಳತೊಲೆಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಇಳಿಯಿತು. ತೇವ ಅಳೆಯುವ ಮೀಟರು ಅಲ್ಲಿ ತನ್ನ ಗರಿಷ್ಠ ಅಂಕಿಯನ್ನೇ ತೋರಿಸಿತು. ಮರದ ತೇವ ಶೇ. 20ರ ಒಳಗಿದ್ದರೆ ಬೂಷ್ಟು ಬೆಳೆಯಲಾರದು. ಇಲ್ಲಿ ಅದಕ್ಕೆ ವರ್ಷಗಟ್ಟಲೆ ಹಬ್ಬವಾಗಿತ್ತು. ಆಚಾರ್ರು ಕೈ ಒರೆಸಿಕೊಳ್ಳುತ್ತ, "ಒಳಗೆ ಕೀವು ಇಟ್ಕಂಡು ಮೇಲಿಂದ ಪಟ್ಟಿ ಕಟ್ಟಿದ ಹಾಂಗಾಯ್ತು ನೋಡು ತಮಾ" ಎಂದರು. ಪಟ್ಟಿ ಕಟ್ಟಿದವನು ನಾನಾದ್ದರಿಂದ ಉತ್ತರ ಕೊಡಲಿಲ್ಲ.

ಎರಡು ದಾರಿಗಳು

ಅದೇ ದಿನ ಪುಟ್ಟಿ ತುಂಬಿದ ಹನ್ನೆರಡು ತೂತುಗಳನ್ನೂ ಹುಡುಕಿ ಕೊರೆದು ತೆರೆದೆವು. ಪೇಂಟಿನ ಮೇಲೆ ಸಣ್ಣ ಗುಳಿಗಳಂತೆ ಅವು ಕಾಣುತ್ತಲೇ ಇದ್ದವು, ನೋಡಿರಲಿಲ್ಲ. ಒಂದು ತೂತಿನಿಂದ ನೀಲಿ ನೀರು ಚಿಮ್ಮಿ ಬಂದು ಆಚಾರ್ರ ಅಂಗಿ ತೋಯಿಸಿತು. ಆ ಮಳೆಗಾಲದ ಉಳಿದ ದಿನಗಳಲ್ಲಿ ಕ್ಯಾಬಿನ್ನಿಗೆ ಬದಿಗಳಿಂದ ನೀರು ಬರಲಿಲ್ಲ. ಎರಡು ತಿಂಗಳ ಖರ್ಚಿನಿಂದ ಆಗದ್ದು ಅರ್ಧ ದಿನದ ಡ್ರಿಲ್ಲಿನಿಂದ ಆಯಿತು. ಉಳಿದ ಕೆಲಸಕ್ಕೆ ಆತುರ ಬೇಡ, ಮರ ಒಣಗಲಿ ಎಂದು ಈ ಸಲ ಎಲ್ಲರೂ ಒಪ್ಪಿದೆವು: ಒಳಹಲಗೆ ಬಿಚ್ಚಿಯೇ ಇಡುವುದು, ಮೇಲೆ ತಾಡಪತ್ರಿ ಎಳೆದು ಬದಿಯಿಂದ ಗಾಳಿಯಾಡಲು ಬಿಡುವುದು, ದೀಪಾವಳಿ ಕಳೆಯುವವರೆಗೆ ಅಂಟು ಮುಟ್ಟದಿರುವುದು.

ಆಮೇಲಿನದು ದೊಡ್ಡ ತೀರ್ಮಾನ. ಗೂಡುಗಳನ್ನು ಶಾಶ್ವತವಾಗಿ ಮುಚ್ಚಿ, ಹೊರಗಿನಿಂದ ದೊಡ್ಡ ಗಾಜುಗಳನ್ನು ಅಂಟಿಸಿ, ಕಿಟಕಿಗಳನ್ನು ತೆರೆಯದಂತೆ ಮಾಡಿಬಿಡುವುದು ಒಂದು ದಾರಿ. ನಾನು ಅದರ ಪರವಾಗಿದ್ದೆ. ಈಗಿನ ದೋಣಿಗಳಲ್ಲಿ ಹಾಗೆಯೇ ಮಾಡುತ್ತಾರೆ, ಜಾರುವ ಭಾಗವೇ ಇಲ್ಲದಿದ್ದರೆ ಸೋರುವ ಸಂದೂ ಕಡಿಮೆ. ಆಚಾರ್ರು ಹಳೆಯ ಇಳಿಸುವ ಕಿಟಕಿಗಳನ್ನೇ ಮತ್ತೆ ಮಾಡಬೇಕೆಂದರು. ಮಾಲೀಕರಿಗೆ ಅಂಟಿಸಿದ ಗಾಜೇ ಸಮಾಧಾನವೆನ್ನಿಸಿತ್ತು, ಏಕೆಂದರೆ ಗೋಡೆಯೊಳಗೆ ನೀರು ಬರಲು ಬಿಟ್ಟು ಆಮೇಲೆ ಹೊರಗೆ ಕಳಿಸುವುದೆಂಬ ಮಾತೇ ಅವರಿಗೆ ಹಿಡಿಸಲಿಲ್ಲ. ಅವರ ಹೆಂಡತಿ ಕೇಳಿದ ಒಂದೇ ಪ್ರಶ್ನೆಯಿಂದ ಚರ್ಚೆ ಮುಗಿಯಿತು: ಕಿಟಕಿ ತೆರೆಯದ ದೋಣಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರುವವರು ಯಾರು? ಕಾರವಾರದ ಬೇಸಿಗೆಯ ಬೆವರು ಕಂಡವರಿಗೆ ಇದಕ್ಕೆ ಎದುರುತ್ತರವಿಲ್ಲ.

ಬದಿಯ ಆರು ಕಿಟಕಿಗಳು ಇಳಿಸುವಂಥವು, ಮುಂದಿನ ಎರಡು ಸ್ಥಿರವಾದವು ಎಂದು ನಿಶ್ಚಯವಾಯಿತು.

ಕೆಲಸ

ಡಿಸೆಂಬರಿನಲ್ಲಿ ತಳತೊಲೆಯ ಕೊಳೆತ ಭಾಗಗಳನ್ನು ಕೊಯ್ದು, ಹಳೆಯ ಮನೆಯೊಂದರಿಂದ ಬಂದ ಸಾಗವಾನಿಯ ತುಂಡುಗಳನ್ನು ಓರೆಜೋಡಣೆಯಲ್ಲಿ ಸೇರಿಸಿದೆವು. ತೊಲೆಯ ದಪ್ಪ 50 ಮಿ.ಮೀ.; ಎಂಟಕ್ಕೆ ಒಂದರ ಓರೆಯಂತೆ ಪ್ರತಿ ಜೋಡಣೆ 400 ಮಿ.ಮೀ. ಉದ್ದವಾಯಿತು. ಸಾಗವಾನಿಯಲ್ಲಿ ಸ್ವಾಭಾವಿಕವಾಗಿಯೇ ಎಣ್ಣೆಯಂಶ ಇರುವುದರಿಂದ ಇಪಾಕ್ಸಿ ಅಂಟು ಹಚ್ಚುವ ಮೊದಲು ಅಸಿಟೋನಿನಿಂದ ಒರೆಸಬೇಕು, ಒರೆಸಿದ ಮೇಲೆ ತಡಮಾಡದೆ ಅಂಟಿಸಬೇಕು.

ಗೂಡಿನ ತಳಕ್ಕೆ ತಾಮ್ರದ ತಟ್ಟೆ ಹಾಕಬೇಕೆಂಬುದು ಆಚಾರ್ರ ಸಲಹೆ. ಬಚ್ಚಲಿನ ಹಂಡೆ ದುರಸ್ತಿ ಮಾಡುವವರೊಬ್ಬರು ತಾಮ್ರದ ತೆಳುತಗಡನ್ನು ಮಡಚಿ, ಮೂಲೆಗಳಿಗೆ ಬೆಸುಗೆ ಹಾಕಿ, ಹಿಂಬದಿಗೆ ಇಳಿಜಾರಾಗಿರುವ ಉದ್ದನೆಯ ಆರು ತಟ್ಟೆಗಳನ್ನು ಮಾಡಿಕೊಟ್ಟರು. ದೋಣಿ ಎಂದರೆ ನಕ್ಕರು, ಆದರೆ ಒಂದೊಂದು ತಟ್ಟೆಗೂ ನೀರು ತುಂಬಿ ರಾತ್ರಿಯಿಡೀ ಇಟ್ಟು ನೋಡಿಯೇ ಕೊಟ್ಟರು. ಪ್ರತಿ ತಟ್ಟೆಗೂ 12 ಮಿ.ಮೀ. ಒಳವ್ಯಾಸದ ಎರಡು ಕೊಳವೆ ಬೆಸೆದು ಹೊರಕ್ಕೆ ಬಿಟ್ಟೆವು. ಹಳೆಯ ತೂತುಗಳು 6 ಮಿ.ಮೀ. ಇದ್ದವು; ಅಷ್ಟು ಸಣ್ಣ ತೂತಿನ ಬಾಯಲ್ಲಿ ನೀರು ತನ್ನ ಸೆಳೆತದಿಂದಲೇ ಹನಿಯಾಗಿ ಅಂಟಿ ನಿಲ್ಲುತ್ತದೆ, ಒಂದು ಎಲೆಚೂರು ಸಿಕ್ಕಿದರೆ ಮುಗಿಯಿತು. ವೈರುಗಳನ್ನು ಚಾವಣಿಯ ಕೆಳಗೆ ಸಾಗಿಸಿ, ಕಂಬಗಳ ತೂತುಗಳಿಗೆ ಮರದ ಬೆಣೆ ಅಂಟಿಸಿದೆವು. ಇನ್ನು ಒಂದು ಗೂಡಿನ ತೊಂದರೆ ಆ ಗೂಡಿನಲ್ಲೇ ಕಾಣಿಸಬೇಕು.

ಹೊರಗಿನ ಕೆಳಪಟ್ಟಿಯನ್ನು ಸಮತಟ್ಟಾಗಿ ಕೀಸಲು ಆಚಾರ್ರು ಹೊರಟಾಗ ನಾನು ತಡೆದೆ. ನೋಡಲು ಅಂದವೆಂಬುದು ಅವರ ವಾದ. ಮನೆಯ ಸೂರು ಸಮತಟ್ಟಾಗಿ ಇಡುತ್ತೀರೇನು ಎಂದು ಕೇಳಿದ ಮೇಲೆ ಆರಕ್ಕೆ ಒಂದರ ಇಳಿಜಾರಿಗೆ ಒಪ್ಪಿದರು. ಪಟ್ಟಿಯ ಅಡಿಯಲ್ಲಿ, ಅಂಚಿನಿಂದ ಒಂದು ಬೆರಳು ಒಳಗೆ, 6 ಮಿ.ಮೀ. ಅಗಲದ ತೋಡು ತೆಗೆದು, ನೀರು ಅಡಿಯಲ್ಲಿ ಹರಿದು ಹಲಗೆಗೆ ತಗಲದೆ ಅಲ್ಲೇ ಹನಿಯಾಗಿ ಬೀಳುವಂತೆ ಮಾಡಿದೆವು.

ಜಾರುವ ಚೌಕಟ್ಟುಗಳ ಅಳತೆ ಇನ್ನೊಂದು ವಿವೇಚನೆಯ ವಿಷಯ. ಜನವರಿಯಲ್ಲಿ ಬಿಗಿಯಾಗಿ ಕೂರುವ ಚೌಕಟ್ಟು ಜುಲೈನಲ್ಲಿ, ಮನೆಯ ಬಾಗಿಲಿನಂತೆಯೇ, ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಬದಿಯ ಪಟ್ಟಿಗಳು ಸೇರಿ 120 ಮಿ.ಮೀ. ಅಗಲದ ಮರ, ಬೇಸಿಗೆಗೂ ಮಳೆಗಾಲಕ್ಕೂ ನಡುವೆ ತೇವ ಐದಾರು ಶೇಕಡಾ ಏರಿದರೆ ಅದು ಒಂದು ಮಿ.ಮೀ.ಗೂ ಮೀರಿ ಉಬ್ಬುತ್ತದೆ. ಆದ್ದರಿಂದ ಎರಡೂ ಕಡೆ 2 ಮಿ.ಮೀ. ಬಿಟ್ಟು, ಆ ಸಂದಿಗೆ ಮೆತ್ತನೆಯ ರಬ್ಬರ್ ಪಟ್ಟಿ ಹಾಕಿದೆವು. ಗಾಜು 5 ಮಿ.ಮೀ. ಟಫನ್ಡ್, ಹದಗೊಳಿಸಿದ ಮೇಲೆ ಅದನ್ನು ಕೊಯ್ಯಲು ಬರುವುದಿಲ್ಲವಾದ್ದರಿಂದ ಹಾರ್ಡ್‌ಬೋರ್ಡಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಅಚ್ಚು ಕತ್ತರಿಸಿ ಕಳಿಸಿದೆವು. ಆರು ಕಿಟಕಿಗಳಲ್ಲಿ ಯಾವ ಎರಡೂ ಒಂದೇ ಅಳತೆಯವಾಗಿರಲಿಲ್ಲ.

ಮುಂದಿನ ಎರಡು ಕಿಟಕಿಗಳ ಕಾಯಿಲೆ ಬೇರೆಯೇ ಆಗಿತ್ತು. ಅಲ್ಲಿ ಹಿಂದಿನವರು ಗಾಜಿನ ಬದಲು ಅಕ್ರಿಲಿಕ್ ಹಾಳೆಯನ್ನು, ಬಿಗಿಯಾದ ತೂತುಗಳಲ್ಲಿ ಸ್ಕ್ರೂ ಹೊಡೆದು ಕೂರಿಸಿದ್ದರು. ಅಕ್ರಿಲಿಕ್ ಬಿಸಿಗೆ ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. 900 ಮಿ.ಮೀ. ಅಗಲದ ಹಾಳೆ 30 ಡಿಗ್ರಿ ಏರಿಳಿತಕ್ಕೆ ಸುಮಾರು 2 ಮಿ.ಮೀ. ಅತ್ತಿತ್ತ ಸರಿದಾಡುತ್ತದೆ, ಗಾಜಾದರೆ ಕಾಲು ಮಿ.ಮೀ. ಸರಿದಾಡಲು ಜಾಗವಿಲ್ಲದೆ ಹಾಳೆ ಸ್ಕ್ರೂಗಳ ಸುತ್ತ ಜೇಡರ ಬಲೆಯಂತೆ ಬಿರಿದಿತ್ತು. ಗಾಜು ಹಾಕಿ, ತೂತೇ ಇಲ್ಲದೆ ಪಟ್ಟಿಗಳಿಂದ ಒತ್ತಿಹಿಡಿದು, ನಡುವೆ ಬ್ಯೂಟೈಲ್ ಟೇಪ್ ಇಟ್ಟೆವು. ಬ್ಯೂಟೈಲ್ ಗಟ್ಟಿಯಾಗುವುದಿಲ್ಲ, ನಾಳೆ ಯಾರಾದರೂ ಬಿಚ್ಚಬೇಕಾದರೆ ಗಾಜು ಒಡೆಯದೆ ಬಿಚ್ಚಬಹುದು. ಪುಷ್ಯ ಮಳೆಯ ದಿನ ಸೀಳಿದ ಗಾಜು ನೆನಪಿನಲ್ಲಿ ಇದ್ದುದರಿಂದಲೇ ಈ ಆಯ್ಕೆ.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಇಂಥ ಕೆಲಸಕ್ಕೆ ಕೈಹಾಕುವವರು ಸೀಲೆಂಟಿನ ಆಯ್ಕೆಯ ಬಗ್ಗೆ ನನ್ನನ್ನು ಹೆಚ್ಚು ಕೇಳುತ್ತಾರೆ. ಈ ಪ್ರಕರಣದಲ್ಲಿ ಅದು ಕಟ್ಟಕಡೆಯ ಪ್ರಶ್ನೆಯಾಗಿತ್ತು. ಮೊದಲ ಪ್ರಶ್ನೆ, ಈ ಕಿಟಕಿ ಮೂಲದಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು. ಹಳೆಯ ಮರದ ಕೆಲಸದಲ್ಲಿ ಕಾರಣ ತಿಳಿಯದ ತೂತು, ತೋಡು ಅಥವಾ ಓರೆ ಕಂಡರೆ ಅದನ್ನು ಮುಚ್ಚುವ ಮೊದಲು ಒಂದು ಬಕೆಟ್ ಬಣ್ಣದ ನೀರು ಸುರಿದು ನೋಡುವುದು ಬಹಳ ಅಗ್ಗದ ಕೆಲಸ. ನೀರು ಕಂಡ ಜಾಗವನ್ನೇ ನೀರು ಹೊಕ್ಕ ಜಾಗವೆಂದು ನಂಬಿದ್ದರಿಂದ ನಾವು ಒಂದು ಗಾಜನ್ನೂ ಎರಡು ತಿಂಗಳನ್ನೂ ಕಳೆದುಕೊಂಡೆವು. ಸೋರಿಕೆಯ ಸಮಯವನ್ನು, ಅಂದರೆ ಮಳೆ ಶುರುವಾದ ಎಷ್ಟು ಹೊತ್ತಿಗೆ ಬಂತು, ನಿಂತ ಎಷ್ಟು ಹೊತ್ತಿಗೆ ನಿಂತಿತು, ಆಗ ದೋಣಿಯ ಮೂತಿ ಯಾವ ಕಡೆಗಿತ್ತು ಎಂಬುದನ್ನು, ಮೊದಲ ದಿನದಿಂದಲೇ ಬರೆದಿಟ್ಟಿದ್ದರೆ ಜೂನ್ ಕೊನೆಯಲ್ಲೇ ಗೂಡಿನ ಗುಟ್ಟು ಬಯಲಾಗುತ್ತಿತ್ತು.

ಮಳೆಗಾಲದಲ್ಲಿ ಮಾಡಬೇಕಾದ ಕೆಲಸ ಬೇರೆ, ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ ಬೇರೆ ಎಂಬುದನ್ನೂ ನಾವು ತಲೆಕೆಳಗು ಮಾಡಿದ್ದೆವು. ಸೋರಿಕೆ ಹುಡುಕಲು ಮಳೆಗಾಲದಂಥ ಸಮಯ ಇನ್ನೊಂದಿಲ್ಲ. ಅಂಟಿಸಲು ಅದರಂಥ ಕೆಟ್ಟ ಸಮಯವೂ ಇನ್ನೊಂದಿಲ್ಲ. ನಾವು ಮಳೆಯಲ್ಲಿ ಅಂಟಿಸುತ್ತ ಕೂತೆವು.

ಮರುವರ್ಷದ ಮಳೆ

ಶಿವರಾತ್ರಿಯ ಹೊತ್ತಿಗೆ ಕೆಲಸ ಮುಗಿಯಿತು. ಬೇಸಿಗೆಯಿಡೀ ಕಿಟಕಿಗಳನ್ನು ಇಳಿಸಿಕೊಂಡು ಮನೆಯವರು ಹೊಳೆಯಲ್ಲಿ ಓಡಾಡಿದರು. ಜೂನ್ ಮತ್ತು ಜುಲೈ ತಿಂಗಳ ಮಳೆಯಲ್ಲಿ ಗೂಡುಗಳಿಗೆ ನೀರು ಇಳಿದು, ಹನ್ನೆರಡು ಕೊಳವೆಗಳಿಂದ ಡೆಕ್ಕಿಗೆ ಹರಿದು ಹೋಗುವುದು ಹೊರಗೆ ನಿಂತವರಿಗೆ ಕಾಣುತ್ತಿತ್ತು. ಮಾಲೀಕರು ಮೊದಲ ಸಲ ಕಂಡಾಗ ಗಾಬರಿಯಾಗಿ ಫೋನು ಮಾಡಿದ್ದರು, ಆಮೇಲೆ ರೂಢಿಯಾಯಿತು. ಮೀಟರು ತಳತೊಲೆಯ ತೇವವನ್ನು ಆಗಸ್ಟಿನಲ್ಲಿ ಶೇ. 18 ಎಂದು ತೋರಿಸಿತು.

ಆಶ್ಲೇಷಾ ಮಳೆಯಲ್ಲಿ ಬಲಬದಿಯ ಎರಡನೆಯ ಕಿಟಕಿಯ ಕೆಳಗೆ ಮತ್ತೆ ಕಂದು ಕಲೆ ಬಂತು. ಈ ಸಲ ಯಾರೂ ಸೀಲೆಂಟಿನ ಮಾತೆತ್ತಲಿಲ್ಲ. ಗೂಡುಗಳ ನಡುವೆ ದಾರಿ ಇಲ್ಲವಾದ್ದರಿಂದ ಎಲ್ಲಿ ನೋಡಬೇಕೆಂಬುದು ಸ್ಪಷ್ಟವಿತ್ತು. ಎರಡೂ ಕೊಳವೆಗಳ ಬಾಯಿ ಗಟ್ಟಿಮಣ್ಣಿನಿಂದ ಮುಚ್ಚಿತ್ತು. ಮೇ ತಿಂಗಳಲ್ಲಿ ಕುಂಬಾರಹುಳ ಅಲ್ಲಿ ಗೂಡು ಕಟ್ಟಿತ್ತು. ತಂತಿಯಿಂದ ಚುಚ್ಚಿದಾಗ ಮಣ್ಣಿನ ಜೊತೆ ನಾಲ್ಕು ಒಣಗಿದ ಜೇಡಗಳು ಹೊರಬಿದ್ದವು, ಹಿಂದೆಯೇ ನೀರು. ಕೊಳವೆಗಳ ಬಾಯಿಗೆ ಜಾಳಿಗೆ ಹಾಕಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ: ಹಾಕಿದರೆ ಹುಳ ಬರುವುದಿಲ್ಲ, ಆದರೆ ಗಾಳಿಮರದ ಎಲೆ ಒಳಗಿನಿಂದ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸದ್ಯಕ್ಕೆ ಆಚಾರ್ರ ಮಾತಿನಂತೆ ಮೇ ಕೊನೆಯಲ್ಲೊಮ್ಮೆ, ಆಮೇಲೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಾಟಲಿ ತೊಳೆಯುವ ಬ್ರಷ್ಷನ್ನು ಹನ್ನೆರಡೂ ಕೊಳವೆಗಳಲ್ಲಿ ಆಡಿಸಿ, ಪ್ರತಿ ಗೂಡಿಗೂ ಒಂದು ತಂಬಿಗೆ ನೀರು ಸುರಿದು ಅದು ಹೊರಗೆ ಬಂದದ್ದನ್ನು ನೋಡಿ ತಾರೀಖು ಬರೆದಿಡುತ್ತಿದ್ದಾರೆ.